ಸಿಡಿಲಿಗೂ ಪಿಸುಮಾತಿಗೂ ಒಂದೇ ಮೈಕು

"ಹಲೋ... ಹಲೋ... ಕೇಳಿಸ್ತಾ ಇದ್ಯಾ?"

ಬೆಳಗಿನ ಐದೂವರೆ. ಖಾಲಿ ಮೈದಾನ. ವೇದಿಕೆಯ ಮೇಲೆ ಮೈಕು ಹಿಡಿದು ನಿಂತ ಹೆಂಗಸು ಕಣ್ಣು ಕಿರಿದು ಮಾಡಿ ದೂರಕ್ಕೆ ನೋಡುತ್ತಾರೆ. ಅಲ್ಲಿ, ಕೊನೆಯ ಹಾರ್ನ್ ಸ್ಪೀಕರ್ ಕಟ್ಟಿದ ಕಂಬದ ಬುಡದಲ್ಲಿ, ಅವರ ಯಜಮಾನರು ಬಲಗೈ ಎತ್ತುತ್ತಾರೆ. ಕೈ ಮೇಲೆ ಹೋಯಿತೆಂದರೆ ದನಿ ಮುಟ್ಟಿತು ಎಂದು ಅರ್ಥ. ಇಪ್ಪತ್ತಾರು ವರ್ಷಗಳಿಂದ ಈ ದಂಪತಿಯ ಬೆಳಗು ಶುರುವಾಗುವುದೇ ಹೀಗೆ. ಅದಕ್ಕೇ ಊರಿಗೆಲ್ಲ ಈಕೆ 'ಹಲೋ ಅಕ್ಕ'.

ಆದರೆ ಇವತ್ತು ಅಕ್ಕನ ಹೆಗಲ ಚೀಲದಲ್ಲಿ ಬ್ಯಾಂಕಿನ ಕಾಗದವಿದೆ. ಮೂವತ್ತು ದಿನಗಳಲ್ಲಿ ನಿಮ್ಮ ಖಾತೆ ಮುಚ್ಚುತ್ತೇವೆ ಎಂಬ ಒಂದೇ ಸಾಲು, ಕಾರಣದ ಸುಳಿವೇ ಇಲ್ಲ. ಇವತ್ತು ಮೂವತ್ತನೇ ದಿನ.

"ನಿದ್ದೆ ಅನ್ನೋದೇ ಮರೆತೋಗಿದೆ ಕಣ್ರೀ. ನಮ್ಮನೆಯವರು ಮಾತ್ರ ಆರಾಮಾಗಿ ಗೊರಕೆ ಹೊಡೀತಾರೆ. ಅದಕ್ಕೆ ವಾಲ್ಯೂಮ್ ಕಮ್ಮಿ ಮಾಡೋ ಗುಂಡಿನೂ ಇಲ್ಲ!" ಎಂದು ನಗಲು ನೋಡುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಖಾತೆ ಹೋದರೆ ಹೋಗಲಿ ಎನ್ನುವ ಹಾಗಿಲ್ಲ. ಶಾಲೆ, ಸಭಾಂಗಣ, ನಗರಸಭೆ, ಯಾರೂ ಈಗ ಮೈಕಿನ ಬಾಡಿಗೆಯನ್ನು ನಗದಾಗಿ ಕೈಗೆ ಕೊಡುವುದಿಲ್ಲ. ಬೇರೆ ಎರಡು ಬ್ಯಾಂಕುಗಳು 'ಹಳೆಯವರು ಯಾಕೆ ಬಿಟ್ಟರು?' ಎಂದು ಕೇಳಿ ಅರ್ಜಿ ವಾಪಸು ತಳ್ಳಿವೆ. ಕಂಬ ಹತ್ತುವ ನಾಲ್ವರು ಕೆಲಸಗಾರರ ಮನೆಯ ಒಲೆಯೂ ಇದೇ ಖಾತೆಯಿಂದ ಉರಿಯಬೇಕು.

ಸೊಸೆಯಾಗಿ ಬಂದಾಗ ಅಕ್ಕನಿಗೆ ಫ್ಯೂಸು ಹಾಕಲೂ ಬರುತ್ತಿರಲಿಲ್ಲ. ಮಾವ ಕಂಬದಿಂದ ಬಿದ್ದು ಹಾಸಿಗೆ ಹಿಡಿದ ಮೇಲೆ ಅವರ ಮೈಕ್ ಬಾಡಿಗೆ ಅಂಗಡಿ ಇವರ ಹೆಗಲಿಗೆ ಬಿತ್ತು. ಈಗ ಹದಿನಾಲ್ಕು ಹಾರ್ನ್, ಎರಡು ಮೈಲಿ ವೈರು, ತಿಂಗಳಿಗೆ ಇಪ್ಪತ್ತು ಸಭೆ. ಗಂಡ ವೈರಿನ ಕೆಲಸದಲ್ಲಿ ಎತ್ತಿದ ಕೈ, ಆದರೆ ಮಹಾ ಮೌನಿ. "ಮದುವೆ ದಿನ ಹೂಂ ಅಂದಿದ್ದೇ ಇವರ ದೊಡ್ಡ ಭಾಷಣ. ಮೈಕ್ ಮುಂದೆ ಇವರನ್ನ ನಿಲ್ಲಿಸಿದ್ರೆ ಅಂಗಡಿ ಎಂದೋ ಮುಳುಗ್ತಿತ್ತು."

ಅಕ್ಕ ಭಾಷಣ ಕೇಳುವುದಿಲ್ಲ, ದನಿ ಕೇಳುತ್ತಾರೆ. ಯಾರನ್ನು ಮೈಕಿಗೆ ಎಷ್ಟು ಹತ್ತಿರ ನಿಲ್ಲಿಸಬೇಕು ಎಂಬುದೆಲ್ಲ ಒಂದು ನೋಟ್‌ಬುಕ್ಕಿನಲ್ಲಿದೆ, ಅಡ್ಡಹೆಸರಿನ ಸಮೇತ. 'ಪಿಸುಮಾತು: ಮೈಕು ತುಟಿಗೆ ತಾಗಬೇಕು.' 'ಸಿಡಿಲು: ಒಂದು ಗೇಣು ದೂರ.' ಸಿಡಿಲು ಎಂದರೆ ಅರ್ಧ ಊರು ಹೊತ್ತು ಮೆರೆಸುವ, ಇನ್ನರ್ಧ ಊರು ಹಿಡಿಶಾಪ ಹಾಕುವ ನಾಯಕ. ಅಭಿಮಾನಿಗಳೂ ಆತನನ್ನು ಕರೆಯುವುದು ಹಾಗೆಯೇ.

ಎಡವಟ್ಟಾಗಿದ್ದು ಅಲ್ಲೇ. ಕೆಲಸಗಾರರಿಗೆ ಫೋನಿನಲ್ಲಿ ಕೂಲಿ ಕಳಿಸುವಾಗ, ಯಾವ ಸಭೆಯದು ಎಂಬುದು ನೆನಪಿರಲಿ ಎಂದು ಅಕ್ಕ ಪ್ರತಿ ಪಾವತಿಯ ಟಿಪ್ಪಣಿಯಲ್ಲಿ ಭಾಷಣಕಾರರ ಅಡ್ಡಹೆಸರು ಬರೆಯುತ್ತಿದ್ದರು. ಸಿಡಿಲು, ಸಿಡಿಲು, ಸಿಡಿಲು, ಹೀಗೆ ಹನ್ನೊಂದು ಸಲ! ಆ ನಾಯಕನ ಖಾತೆಯನ್ನು ಆಗಲೇ ಮುಚ್ಚಿದ್ದ ಇದೇ ಬ್ಯಾಂಕು, ಇವರು ಆತನಿಗೆ ಗುಟ್ಟಾಗಿ ದುಡ್ಡು ಸಾಗಿಸುತ್ತಿದ್ದಾರೆ ಎಂದುಕೊಂಡಿತು.

ಇಷ್ಟು ತಿಳಿಯಲು ಅಕ್ಕ ಐದು ಸಲ ಬ್ಯಾಂಕಿಗೆ ಅಲೆಯಬೇಕಾಯಿತು. ಐದನೇ ಸಲ ಮ್ಯಾನೇಜರು ನೋಟ್‌ಬುಕ್ಕು ತಿರುವಿ ನಕ್ಕೇಬಿಟ್ಟರಂತೆ. ಆಮೇಲೆ ದನಿ ತಗ್ಗಿಸಿ ಒಂದು ಮುಚ್ಚಳಿಕೆ ಮುಂದಿಟ್ಟರು. ಇನ್ನೆಂದೂ ಆ ನಾಯಕನಿಗೆ ಮೈಕು ಕೊಡುವುದಿಲ್ಲ ಎಂದು ಸಹಿ ಹಾಕಿದರೆ, "ಮೇಲಿನವರಿಗೆ ಹೇಳಿ ನೋಡ್ತೀನಮ್ಮ."

"ಅಕ್ಕಾ, ಒಂದು ಸಹಿ ತಾನೆ? ಗೀಚಿ ಬಿಸಾಕಿ. ಮಕ್ಕಳೊಂದಿಗರು ನಾವು," ಎನ್ನುತ್ತಾನೆ ಹಿರಿಯ ಕೆಲಸಗಾರ, ಮೈದಾನದಲ್ಲಿ ಏಣಿ ಇಳಿಯುತ್ತ. ಅವನ ಮುಖ ನೋಡಲು ಅಕ್ಕನಿಗೆ ಆಗುವುದಿಲ್ಲ.

"ಆ ಮನುಷ್ಯನ ಮಾತು ನಂಗೂ ಹಿಡಿಸಲ್ಲ," ಎನ್ನುತ್ತಾರೆ ಅಕ್ಕ. "ಒಂದ್ಸಲ ವೈರು ಕಿತ್ತು ಹಾಕೋಣ ಅನ್ನಿಸಿತ್ತು, ಅಷ್ಟು ಮೈ ಉರೀತು. ಆದ್ರೆ ಇವತ್ತು ಅವರಿಗೆ ಬೇಡ ಅಂತ ಬರ್ಕೊಟ್ರೆ ನಾಳೆ ಇವರಿಗೂ ಬೇಡ ಅಂತ ಇನ್ನೊಂದು ಕಾಗದ ಬರಲ್ವಾ?" ಇವರು ಎಂದರೆ ಪಿಸುಮಾತು, ಸಿಡಿಲಿನ ಕಡು ವಿರೋಧಿ. ಇವತ್ತು ಸಂಜೆಯ ಸಭೆ ಅವರದೇ. "ಏನ್ ಮಾಡ್ಲಿ ಅಂತ ನಮ್ಮನೆಯವರನ್ನ ಕೇಳಿ ಕೇಳಿ ಸಾಕಾಯ್ತು. ಹೂಂನೂ ಇಲ್ಲ, ಊಹೂಂನೂ ಇಲ್ಲ. ಗೋಡೆ ಜೊತೆ ಮಾತಾಡಿದ್ರೆ ಪ್ರತಿಧ್ವನಿಯಾದ್ರೂ ಬರುತ್ತೆ!"

ಹತ್ತು ಗಂಟೆಗೆ ದಂಪತಿ ಬ್ಯಾಂಕಿನಲ್ಲಿದ್ದಾರೆ. ಮುಂದೆ ಗಾಜಿನ ಗೋಡೆ, ಮಾತಾಡಲು ಒಂದು ದುಂಡನೆಯ ತೂತು. ಅಕ್ಕ ಸಹಿಯಿಲ್ಲದ ಮುಚ್ಚಳಿಕೆಯನ್ನು ಒಳಗೆ ತಳ್ಳಿ, ತೂತಿನ ಹತ್ತಿರ ಬಗ್ಗುತ್ತಾರೆ.

"ಇದಕ್ಕೆ ನಾನು ಸಹಿ ಹಾಕಲ್ಲ ಸಾರ್. ದುಡ್ಡು ಎಲ್ಲಿಗೆ ಹೋಯ್ತು ಅಂತ ಕೇಳಿ, ಒಂದೊಂದಕ್ಕೂ ಚೀಟಿ ತೋರಿಸ್ತೀನಿ. ಮೈಕು ಯಾರಿಗೆ ಕೊಡ್ಬೇಕು ಅಂತ ಮಾತ್ರ ನೀವು ಹೇಳ್ಬೇಡಿ." ಆಮೇಲೆ ಅಭ್ಯಾಸಬಲದಿಂದ ಕೇಳಿಯೇಬಿಡುತ್ತಾರೆ: "ಕೇಳಿಸ್ತಾ ಇದ್ಯಾ?"

ಗಾಜಿನಾಚೆ ಯಾರೂ ತಲೆಯೆತ್ತುವುದಿಲ್ಲ. ಸಂಜೆಯೊಳಗೆ ತಿಳಿಸುತ್ತೇವೆ ಎಂಬ ಉತ್ತರವಷ್ಟೇ ಬರುತ್ತದೆ. ಅಕ್ಕ ಮೆಲ್ಲಗೆ ಹಿಂದಕ್ಕೆ ತಿರುಗುತ್ತಾರೆ. ಸಾಲಿನ ಕಟ್ಟಕಡೆಗೆ, ಬಾಗಿಲ ಬಳಿ, ಮೂವತ್ತು ದಿನ ತುಟಿ ಪಿಟಕ್ಕೆನ್ನದ ಗಂಡ ಬಲಗೈ ಎತ್ತಿ ನಿಂತಿದ್ದಾರೆ.

"ಕೊನೇವರೆಗೂ ಮುಟ್ಟಿದೆ," ಎನ್ನುತ್ತಾರೆ ಅಕ್ಕ, ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತ. "ನಡೀರಿ, ಸಂಜೆ ಸಭೆಗೆ ಇನ್ನೂ ಎರಡು ಕಂಬ ಬಾಕಿ ಇದೆ."