ಎಡಬದಿಯ ಕನ್ನಡಿ

ಮೊನ್ನೆ ಬೆಳಿಗ್ಗೆ ಬೈಂದೂರಿನ ನಮ್ಮ ಮನೆಯಂಗಳದಲ್ಲಿ ಕಾರು ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿಯ ತುದಿಯಲ್ಲಿ ಹಸಿರು ಬೆರೆತ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಕಡಲ ಗಾಳಿಯ ಊರಲ್ಲಿ ಇದೇನು ಹೊಸತಲ್ಲ. ವಯರು ಬಿಚ್ಚಿ, ಚೊಂಬಿನಲ್ಲಿ ಬಿಸಿನೀರು ತಂದು ಮೆಲ್ಲಗೆ ಹೊಯ್ದೆ. ಪುಡಿ ಬುಸ್ಸೆಂದು ಕರಗುವಾಗ ಒಂದು ಹುಳಿ ವಾಸನೆ ಎದ್ದಿತು... ಆ ವಾಸನೆಯ ಜೊತೆಗೇ ಬೊಂಬಾಯಿ ಮಾವ ನೆನಪಿಗೆ ಬಂದರು.

ಸಂಬಂಧದಲ್ಲಿ ಅವರು ನಮಗೆ ಮಾವ ಅಲ್ಲ. ಸಾಲಿಗ್ರಾಮದಲ್ಲಿ ನನ್ನ ತವರಿನ ಬೇಲಿಯಾಚೆ ಅವರ ಮನೆ. ಹರೆಯವೆಲ್ಲ ಮುಂಬೈಯಲ್ಲಿ ಟ್ಯಾಕ್ಸಿ ಓಡಿಸಿ ಊರಿಗೆ ಮರಳಿದವರು. ಓಡಿಸಿದ್ದೆಲ್ಲ ಮಂದಿಯ ಕಾರು. ತಮ್ಮದು ಅಂತ ಒಂದು ಯಾವತ್ತೂ ಇರಲಿಲ್ಲ. ಅಪ್ಪಯ್ಯ ತನ್ನ ದಿನಸಿ ಅಂಗಡಿಯ ಓಡಾಟಕ್ಕೆಂದು ಹಳೆಯ ಕಾರೊಂದನ್ನು ಕೊಂಡು ತಂದ ದಿನ, ಅದರ ಸುತ್ತ ನಮಗಿಂತ ಹೆಚ್ಚು ಸುತ್ತು ಬಂದವರು ಅವರೇ.

ಆ ಕಾರಿಗೋ, ದಿನಕ್ಕೊಂದು ಕಾಯಿಲೆ. ಡ್ರೈವರ್ ಬದಿಯ ಗಾಜು ಒಳಗೆ ಜಾರಿ ಬೀಳುತ್ತಿತ್ತು. ಮಾವ ಮರದ ಚಕ್ಕೆಯೊಂದನ್ನು ಕೆತ್ತಿ ಸಂದಿಗೆ ಸಿಕ್ಕಿಸಿದರು. ಗಾಜು ನಿಂತಿತು, ಆದರೆ ಕೈ ತೂರುವಷ್ಟು ಜಾಗ ಹಾಗೇ ಉಳಿಯಿತು. ಮಂಕಾದ ಹೆಡ್‌ಲೈಟಿಗೆ ಹಲ್ಲುಜ್ಜುವ ಪೇಸ್ಟು, ಗಡಗಡ ಎನ್ನುವ ಡ್ಯಾಶ್‌ಬೋರ್ಡಿಗೆ ಸೈಕಲ್ ಟ್ಯೂಬಿನ ತುಂಡು, ಬ್ಯಾಟರಿಗೆ ಬಿಸಿನೀರು... ಗ್ಯಾರೇಜೆಂದರೆ ಅಪ್ಪಯ್ಯನಿಗೆ ಮೊದಲೇ ಅನುಮಾನ. ಒಳ್ಳೆಯ ಪಾರ್ಟು ತೆಗೆದು ಹಾಳಾದದ್ದು ಹಾಕುತ್ತಾರೆಂದು ಅವರ ನಂಬಿಕೆ. ಹಾಗಾಗಿ ಮಾವನೇ ಮೆಕ್ಯಾನಿಕ್.

ಅಮ್ಮನಿಗೆ ಅನುಮಾನವಿದ್ದದ್ದು ಮಾವನ ಮೇಲೆ. "ಅವ್ರ್ ಕೈ ಹಾಕಿ ಒಂದ್ ಸಮಾ ಆರೆ ಇನ್ನೊಂದ್ ಹಾಳಾತ್ತ್. ಕಾರ್ ಯಾರದ್ದ್, ತಿರ್ಗುದ್ ಯಾರ್?" ಎಂದು ಗೊಣಗುತ್ತಿದ್ದಳು.

ನಾನಾಗ ಬ್ರಹ್ಮಾವರದ ಒಂದು ಆಫೀಸಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಮ್ಮನ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಆದರೆ ಒಂದು ಸಂಜೆ ಮನೆಗೆ ಬಂದಾಗ ಕಾರಿನ ಎಡಬದಿಯ ಕನ್ನಡಿ ಮುರಿದು ನೇತಾಡುತ್ತಿತ್ತು. ಅಪ್ಪಯ್ಯ, ಮಾವ ಇಬ್ಬರೂ ಬಾರ್ಕೂರಿಗೆ ಹೋಗಿ ಬಂದಿದ್ದರು. ದನ ಅಡ್ಡ ಬಂತು ಎಂದರು ಅಪ್ಪಯ್ಯ. ಬೇಲಿಯ ಬಳಿ ಮಾವನನ್ನು ಕೇಳಿದರೆ ತೆಂಗಿನ ಗರಿ ಬಿತ್ತು ಎಂದರು. ಮರುದಿನವೇ ಗೋಡೆಗೆ ತೂಗುವ ಕನ್ನಡಿಯ ಚೂರೊಂದನ್ನು ಅಂಟಿಸಿ ಸರಿಮಾಡಿಯೂ ಬಿಟ್ಟರು. ಒಂದೇ ಕಾರಿನಲ್ಲಿದ್ದವರಿಗೆ ಎರಡು ಕತೆ ಯಾಕೆ? ಅಂದಿನಿಂದ ನನ್ನ ತಲೆಯಲ್ಲೂ ಹುಳ ಹೊಕ್ಕಿತು.

ಕಾರು ಹೊರಡದಿರುವುದು ಶುರುವಾದದ್ದು ಅದರ ನಂತರವೇ. ಅಪ್ಪಯ್ಯ ಸಾಮಾನು ತರಲು ಕುಂದಾಪುರಕ್ಕೆಂದು ಒಬ್ಬರೇ ಹೊರಟರೆ ಇಂಜಿನ್ ಬರೀ ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಆಗ ಮಾವ ಬೇಲಿ ದಾಟಿ ಬರುವರು. ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ ಏನೋ ಒತ್ತುವರು, ಕಾರು ಹೂವೆತ್ತಿದ ಹಾಗೆ ಸ್ಟಾರ್ಟ್ ಆಗುವುದು. "ದಾರಿ ಮೇಲೆ ನಿಂತ್ರೆ ಕಷ್ಟ. ನಾನೂ ಬತ್ತೆ," ಎಂದು ತಾವೇ ಸ್ಟಿಯರಿಂಗ್ ಹಿಡಿದು ಕೂರುವರು. ನಾನು ಓಡಿಸುವ ಭಾನುವಾರಗಳಲ್ಲಿ ಮಾತ್ರ ಆ ಕಾರಿಗೆ ಯಾವ ರೋಗವೂ ಇರುತ್ತಿರಲಿಲ್ಲ. ಕುಂದಾಪುರದಿಂದ ಬರುವಾಗ ಹಿಂದಿನ ಸೀಟಿನಲ್ಲಿ ಮಾವನ ಮನೆಯ ಮೀನಿನ ಚೀಲವೂ ಇರುತ್ತಿತ್ತು. ಅಮ್ಮ ನನ್ನ ಮುಖ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಕಾದೆ. ಅಪ್ಪಯ್ಯ ಸ್ನಾನಕ್ಕೆ ಹೋಗಿದ್ದರು. ಮಾವ ಬೇಲಿ ದಾಟಿ ಬಂದು, ತಾವೇ ಚಕ್ಕೆ ಸಿಕ್ಕಿಸಿದ್ದ ಗಾಜಿನ ಸಂದಿಯಲ್ಲಿ ಕೈ ಹಾಕಿ ಬಾಗಿಲು ತೆರೆದರು. ಸ್ಟಿಯರಿಂಗಿನ ಕೆಳಗಿನಿಂದ ಏನನ್ನೋ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡರು.

"ಹ್ವಾಯ್ ಮಾವ, ಎಂತ ಅದ್?" ಎಂದೆ.

ಅವರು ಬೆಚ್ಚಿಬಿದ್ದರು. ಕಿಸೆಯಿಂದ ತೆಗೆದು ತೋರಿಸಿದರು. ಒಂದು ಸಣ್ಣ ಫ್ಯೂಸ್. ಅದಿಲ್ಲದಿದ್ದರೆ ಇಂಜಿನ್ನಿಗೆ ಪೆಟ್ರೋಲು ಹೋಗುವುದಿಲ್ಲ.

"ಇಷ್ಟ್ ದಿನ ಕಾರ್ ಹಾಳ್ ಮಾಡದ್ದ್ ನೀವೇ ಅಲ್ದಾ? ಎಂತಕ್ಕೆ?"

"ಹೇಳುಕಾತಿಲ್ಲೆ. ನಿನ್ ಅಪ್ಪಯ್ಯಂಗೆ ಮಾತ್ ಕೊಟ್ಟಿದೆ," ಎಂದರು. ಒಳಗೆ ಅಪ್ಪಯ್ಯ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಮಾವ ಅತ್ತ ನೋಡಿ ದನಿ ತಗ್ಗಿಸಿದರು. "ನೀ ಒಂದ್ ಕೆಲ್ಸ ಮಾಡ್. ಅವ್ರ್ ಎಡಬದಿಯಗೆ ನಿಂತ್ ಕಾಣ್. ಮಾತಾಡ್ಬೇಡ. ಸುಮ್ನೆ ನಿಲ್ಲ್."

ನನಗೆ ಅರ್ಥವಾಗಲಿಲ್ಲ. ತಪ್ಪಿಸಿಕೊಳ್ಳಲು ಏನೋ ಹೇಳುತ್ತಿದ್ದಾರೆಂದೇ ಅಂದುಕೊಂಡೆ. ಆದರೂ ಅಪ್ಪಯ್ಯ ಬಂದು ಜಗಲಿಯಲ್ಲಿ ಪೇಪರು ಹಿಡಿದು ಕೂತಾಗ ಕಾಫಿ ಲೋಟ ತೆಗೆದುಕೊಂಡು ಅವರ ಎಡಬದಿಗೆ ಹೋಗಿ ನಿಂತೆ. ಅವರು ತಲೆಯೆತ್ತಲಿಲ್ಲ. ಲೋಟವನ್ನು ಅವರ ಎಡಗೆನ್ನೆಯ ಹತ್ತಿರಕ್ಕೆ ಚಾಚಿದೆ. ಅಪ್ಪಯ್ಯ ಒಳಗಿನತ್ತ ಮುಖ ಮಾಡಿ, "ಕಾಫಿ ಆಯ್ಲಿಲ್ಯಾ?" ಎಂದು ಕೂಗಿದರು.

ನಾನು ಸುತ್ತು ಬಂದು ಅವರ ಬಲಬದಿಯಿಂದ ಲೋಟ ಕೊಟ್ಟೆ.

ಆ ವಾರವೇ, ಸಕ್ಕರೆ ಕಾಯಿಲೆಯ ತಪಾಸಣೆಯ ನೆಪ ಹೇಳಿ ಅವರನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಕಣ್ಣಿನ ಒತ್ತಡ ಏರಿ ಎಡಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. ಬಲಗಣ್ಣನ್ನು ಔಷಧಿಯಿಂದ ಉಳಿಸಬಹುದು, ಆದರೆ ಇನ್ನು ವಾಹನ ಮುಟ್ಟಬಾರದು ಎಂದರು ಡಾಕ್ಟರು. ಎಲ್ಲಾದರೂ ಡಿಕ್ಕಿ ಹೊಡೆದದ್ದುಂಟಾ ಎಂದು ಅವರು ಕೇಳಿದಾಗ ಅಪ್ಪಯ್ಯ ನೆಲ ನೋಡಿದರು. ಬಾರ್ಕೂರಿನ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು... ಎಡಗಡೆಯಲ್ಲಿ... ಗದ್ದೆಯ ಕೆಸರಿಗೆ ಬಿದ್ದಳು, ಏನೂ ಆಗಲಿಲ್ಲ, ಮಾವನೇ ಎತ್ತಿ ನಿಲ್ಲಿಸಿದರು ಎಂದು ತೊದಲಿದರು.

ಬಸ್ಸಿನಲ್ಲಿ ಇಬ್ಬರೂ ಸಾಲಿಗ್ರಾಮಕ್ಕೆ ವಾಪಸಾದೆವು. ಇಳಿಯುವಾಗ ಅಪ್ಪಯ್ಯ, "ನಿಂಗ್ ಯಾರ್ ಹೇಳದ್?" ಎಂದರು. ಯಾರೂ ಹೇಳಲಿಲ್ಲ ಎಂದೆ. ನಿಜವೇ. ಆದರೆ ಗೊತ್ತಿದ್ದವರು ಒಬ್ಬರೇ ಎಂಬುದು ಅವರಿಗೂ ಗೊತ್ತಿತ್ತು. ನೇರ ಬೇಲಿಯ ಬಳಿ ಹೋಗಿ ನಿಂತರು.

"ಕಾರಿನ್ ಆಸೆಗೆ ನನ್ನ ಕುರ್ಡ ಮಾಡ್ದಿ ಅಲ್ದಾ?"

ಮಾವ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದರು. ಕೈಯಲ್ಲಿದ್ದ ಬಟ್ಟೆ ಹರವಿ, ಖಾಲಿ ಬಕೆಟು ಎತ್ತಿಕೊಂಡು ಒಳಗೆ ಹೋದರು.

ಮಾವ ಓಡಿಸಲಿ, ನೀವು ಪಕ್ಕದಲ್ಲಿ ಕೂರಿ ಎಂದು ನಾನು ಎಷ್ಟೋ ಹೇಳಿದೆ. ಅಪ್ಪಯ್ಯ ಕೇಳಲಿಲ್ಲ. ವಂಡ್ಸೆಯ ಯಾರಿಗೋ ಕಾರನ್ನು ಕೊಟ್ಟೇಬಿಟ್ಟರು. ಕೊಂಡವರು ಬಂದ ದಿನ ಮಾವ ಬೇಲಿಯಾಚೆಯಿಂದಲೇ, "ಆ ಗಾಜ್ ಇಳಸ್ಬೇಡಿ, ಮತ್ತೆ ಮೇಲ್ ಬತ್ತಿಲ್ಲೆ," ಎಂದು ಕೂಗಿ ಹೇಳಿದರು. ಕಾರು ಗೇಟು ದಾಟಿ ಹೋಗುವಾಗ ಅವರ ಎಡಗೈ ಗೇರು ಹಾಕುವ ಹಾಗೆ ಒಮ್ಮೆ ಕದಲಿದ್ದನ್ನು ಕಂಡೆ. ತನ್ನನ್ನು ಕಾಪಾಡಿದ ಗೆಳೆಯನನ್ನೇ ಅಪ್ಪಯ್ಯ ದೂರಿದರೆಂದು ಅಲ್ಲಿಯವರೆಗೆ ಬೇಸರಪಟ್ಟಿದ್ದೆ. ಆ ಕೈ ಕಂಡ ಮೇಲೆ ನನಗೂ ಅನುಮಾನವಾಯಿತು. ಗೆಳೆಯನ ಮೇಲಿನ ಕಾಳಜಿಯೋ, ಸ್ಟಿಯರಿಂಗಿನ ಆಸೆಯೋ... ಎರಡೂ ಇದ್ದಿರಬಹುದು.

ಅವರಿಬ್ಬರು ಮತ್ತೆ ಮಾತಾಡಲಿಲ್ಲ. ನಾನು ಮದುವೆಯಾಗಿ ಬೈಂದೂರಿಗೆ ಬಂದ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮಾವ ಏಳಲಿಲ್ಲ ಎಂದು ಅಮ್ಮ ಫೋನು ಮಾಡಿದಳು. ಅಪ್ಪಯ್ಯ ಹೋಗಿದ್ದರಂತೆ, ಅಂಗಳದಲ್ಲಿ ನಿಂತು ಬಂದರಂತೆ.

ಮೊನ್ನೆ ಬ್ಯಾಟರಿ ತೊಳೆದು ಕೊಬ್ಬರಿ ಎಣ್ಣೆ ಸವರಿದ ಮೇಲೆ ನಮ್ಮ ಕಾರಿನಲ್ಲಿ ಸಾಲಿಗ್ರಾಮಕ್ಕೆ ಹೋದೆ. ಅಪ್ಪಯ್ಯ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಉಳಿದ ಕಣ್ಣು ಇನ್ನೂ ಚೆನ್ನಾಗಿದೆ. ಅವರ ಬಲಬದಿಗೆ ಕೂತು, ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ. ಮಾವ ನಿಮ್ಮ ಕಣ್ಣಿನ ಗುಟ್ಟು ಬಿಟ್ಟುಕೊಟ್ಟದ್ದು ಕಾರಿನ ಆಸೆಗೇ ಎಂದು ಈಗಲೂ ಅನಿಸುತ್ತದೆಯಾ?

ಅಪ್ಪಯ್ಯ ಪೇಪರು ಮಡಚಿ ಬೇಲಿಯತ್ತ ಮುಖ ತಿರುಗಿಸಿದರು.

"ಗೊತ್ತಿಲ್ಲೆ ಮಗಾ," ಎಂದರು. "ಕೇಳ್ವ ಅಂದ್ರೆ ಈಗ ಅಂವ ಇಲ್ಲೆ."