ಮಾನಿಟರಿಗೆ ಅಂಟಿಸಿದ್ದ ಚೀಟಿ

ಮೊನ್ನೆ ಹುಣಸೂರಿನ ಒಂದು ಆಫೀಸಿನಲ್ಲಿ ಲಿನಕ್ಸ್ ಕಂಪ್ಯೂಟರಿಗೆ, ದೂರದ ಸರ್ವರನ್ನು ಭದ್ರವಾಗಿ ತಲುಪಿಸುವ ವಿಪಿಎನ್ ಹಾಕಿಕೊಡಲು ಕುಳಿತಿದ್ದೆ. ಯಂತ್ರ ಆನ್ ಆದ ಕೂಡಲೇ ವಿಪಿಎನ್ ತಾನಾಗಿಯೇ ಕನೆಕ್ಟ್ ಆಗಬೇಕು, ಅಷ್ಟೇ ಕೆಲಸ. ಅಲ್ಲಿನ ಗುಮಾಸ್ತೆ ಬಂದವರೇ ಕೀಬೋರ್ಡಿನ ಪಕ್ಕ ಊದುಬತ್ತಿ ಹಚ್ಚಿಟ್ಟರು. ಬಿಸಿ ಪ್ಲಾಸ್ಟಿಕ್ಕಿನ ಜೊತೆ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸೆಂಟರಿನ ಅಕ್ಕ ನೆನಪಾದರು...

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಬಸ್ಸು ನಿಲ್ಲುವ ಕಡೆಯೇ ಅವರ ಕಂಪ್ಯೂಟರ್ ಸೆಂಟರ್ ಇತ್ತು. ಅರ್ಜಿ ಹಾಕುವ ಸರ್ವರ್ ಸಿಗಬೇಕಾದರೆ ಮೊದಲು ವಿಪಿಎನ್ ಕನೆಕ್ಟ್ ಆಗಬೇಕಿತ್ತು. ಅಕ್ಕ ಅದಕ್ಕೆ ಟೈಪ್ ಮಾಡಬೇಕಾದ ಕಮಾಂಡಿನ ಒಂದೊಂದು ಅಕ್ಷರವನ್ನೂ ‘ಎಸ್, ಯು, ಡಿ...’ ಎಂದು ಕನ್ನಡದಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಂಡಿದ್ದರು. ದಿನಾ ಬೆಳಿಗ್ಗೆ ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ನನಗೆ ಅದನ್ನು ನೋಡಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಒಂದು ಸಂಜೆ ಎಲ್ಲವನ್ನೂ ಆಟೋಮ್ಯಾಟಿಕ್ ಮಾಡಿದೆ. ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿದೆ, ಎರಡೂ ಸಲ ಕನೆಕ್ಟ್ ಆಯಿತು. ಹೆಮ್ಮೆಯಿಂದ ಚೀಟಿ ಕಿತ್ತು ಮುದುರಿ ಎಸೆದೆ.

“ನೀನಿಲ್ದಾಗ ಅದು ಮುನಿಸ್ಕೊಂಡ್ರೆ ನಾನೇನ್ ಮಾಡ್ಲಪ್ಪ? ಒಂಚೂರು ಬರ್ದಿಟ್ಟೋಗು ಕಣಪ್ಪ” ಎಂದರು ಅಕ್ಕ.

“ತಾನಾಗೇ ಆಯ್ತದೆ ಬುಡಿ ಅಕ್ಕ, ನೀವೇನೂ ಮುಟ್ಬೇಡಿ” ಎಂದು ಬ್ಯಾಗು ಹೆಗಲಿಗೇರಿಸಿದೆ. ಮಾರನೇ ದಿನ ಕೆ.ಆರ್. ನಗರದಲ್ಲಿ ನೆಂಟರ ಮದುವೆಯಿತ್ತು.

ಅಕ್ಕನ ಪದ್ಧತಿಯೊಂದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೆಳಿಗ್ಗೆ ಮೊದಲು ಕಂಪ್ಯೂಟರ್ ಆನ್ ಮಾಡಿ, ಅದಕ್ಕೆ ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ಆಮೇಲಷ್ಟೇ ಮೋಡೆಮ್ ಹಾಕುತ್ತಿದ್ದರು. ಪೂಜೆಯ ನಡುವೆ ಮೆಸೇಜುಗಳು ಟಿಂಗ್ ಟಿಂಗ್ ಅನ್ನಬಾರದು ಎಂಬುದು ಅವರ ಹಟ. ನಾನು ಪರೀಕ್ಷೆ ಮಾಡಿದಾಗ ಮೋಡೆಮ್ ಆನ್ ಆಗಿಯೇ ಇತ್ತು. ಆ ಬೆಳಿಗ್ಗೆ ಮಾತ್ರ ವಿಪಿಎನ್ ಎದ್ದು, ನೆಟ್ ಕಾಣದೆ, ಒಂದೇ ಪ್ರಯತ್ನಕ್ಕೆ ಸುಮ್ಮನಾಗಿಬಿಟ್ಟಿತು.

ಅವತ್ತೇ ಕಾಡಂಚಿನ ಆದಿವಾಸಿ ಹಾಡಿಯಿಂದ ತಾಯಿ ಮಗಳು ಬಂದಿದ್ದರು. ಮಗಳಿಗೆ ಕಾಲೇಜು ಸಿಕ್ಕಿತ್ತು. ಹಾಸ್ಟೆಲ್ ಅರ್ಜಿಗೆ ಸಂಜೆ ಐದು ಗಂಟೆಯೇ ಕೊನೆ. ನಾನು ಮುಟ್ಟಬೇಡಿ ಅಂದಿದ್ದೆನಲ್ಲ, ಅಕ್ಕ ಮುಟ್ಟಲಿಲ್ಲ. ತಾನಾಗಿ ಆಗುತ್ತದೆಂದು ಮಧ್ಯಾಹ್ನದವರೆಗೆ ಕಾದರು. ಆಮೇಲೆ ಇಬ್ಬರನ್ನೂ ಪಕ್ಕದ ಕೋಟೆ ಊರಿನ ಇನ್ನೊಂದು ಸೆಂಟರಿಗೆ ಕರೆದುಕೊಂಡು ಹೋದರಂತೆ. ಅಲ್ಲಿ ಸಾಲು ಬೀದಿಗೆ ಬಂದಿತ್ತು. ಸರದಿ ಬರುವಷ್ಟರಲ್ಲಿ ಐದು ದಾಟಿತ್ತು.

ನಾನು ಫೋನ್ ಸೈಲೆಂಟಿಗೆ ಹಾಕಿ ಮದುವೆಯಲ್ಲಿ ಎರಡನೇ ಸಲ ಪಾಯಸ ಬಡಿಸಿಕೊಳ್ಳುತ್ತಿದ್ದೆ. ಸಂಜೆ ನೋಡಿದರೆ ಅಕ್ಕನ ಹನ್ನೊಂದು ಕರೆ...

ಮರುದಿನ ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಆ ಮಗು ಅಳ್ನಿಲ್ಲ ಕಣಪ್ಪ, ಸುಮ್ನೆ ಬಸ್ಸತ್ಕೊಂಡ್ಲು” ಎಂದಷ್ಟೇ ಹೇಳಿ ಹೊಸ ಹಾಳೆ ನನ್ನ ಮುಂದಿಟ್ಟರು. ಬರೆದುಕೊಟ್ಟೆ, ತಪ್ಪಾಯಿತು ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಹಾಸ್ಟೆಲ್ ಇಲ್ಲದ್ದಕ್ಕೆ ಆ ಹುಡುಗಿ ಆ ವರ್ಷ ಕೊಡಗಿನ ತೋಟಕ್ಕೆ ಕೂಲಿಗೆ ಹೋದಳೆಂದು ಆಮೇಲೆ ತಿಳಿಯಿತು. ತಿಂಗಳೊಳಗೆ ನಾನು ಏನೋ ನೆಪ ಹೇಳಿ ಕೆಲಸ ಬಿಟ್ಟೆ. ಮುಂದೊಮ್ಮೆ ಅಕ್ಕ ತೀರಿಕೊಂಡಾಗ ಸುದ್ದಿ ನನಗೆ ತಲುಪಿದ್ದು ಹದಿನೈದು ದಿನ ತಡವಾಗಿ. ಸೆಂಟರ್ ಇದ್ದ ಜಾಗದಲ್ಲಿ ಈಗ ಬೇಕರಿಯಿದೆ.

ಹುಣಸೂರಿನ ಆ ಕಂಪ್ಯೂಟರಿಗೆ, ನೆಟ್ ಬರುವ ತನಕ ಕಾಯುವಂತೆ, ಸಿಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುವಂತೆ ಹೇಳಿಕೊಟ್ಟೆ. ಮೋಡೆಮ್ ಆರಿಸಿ, ಕಂಪ್ಯೂಟರ್ ಹಾಕಿ, ಊದುಬತ್ತಿ ಅರ್ಧ ಉರಿಯುವವರೆಗೆ ಕಾದು, ಆಮೇಲೆ ಮೋಡೆಮ್ ಹಾಕಿದೆ. ಕನೆಕ್ಟ್ ಆಯಿತು. ಆದರೂ ಸಮಾಧಾನವಾಗದೆ ಇನ್ನೂ ನಾಲ್ಕು ಸಲ ಮಾಡಿದೆ.

“ಆಯ್ತಲ್ಲ ಸಾರ್, ಇನ್ನೇನು?” ಎಂದರು ಗುಮಾಸ್ತೆ.

ಒಂದು ಹಾಳೆ ಕೇಳಿ, ಕಮಾಂಡಿನ ಒಂದೊಂದೇ ಅಕ್ಷರವನ್ನು ಕನ್ನಡದಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆ. ಕೆಳಗೆ ನನ್ನ ಫೋನ್ ನಂಬರ್ ಬರೆದೆ. ಆ ಮದುವೆಯ ದಿನದಿಂದ ಈಚೆಗೆ ನನ್ನ ಫೋನು ಸೈಲೆಂಟಿಗೆ ಹೋಗಿಲ್ಲ. ಯಾರ ಕರೆ ಬಂದರೂ ಎತ್ತುತ್ತೇನೆ. ಅಕ್ಕನದು ಬರುವುದಿಲ್ಲ.