ಶೇಂಗಾದ ಊರಿನಲ್ಲಿ ನಮ್ಮ ಖಾಲಾ

ಖಾಲಾ ಅವರ ಮೂಗಿನ ಎಡಹೊಳ್ಳೆ ಸದಾ ಒಂಚೂರು ಮೇಲಕ್ಕೆ ಎದ್ದಿರುತ್ತಿತ್ತು, ಪಕ್ಕದಲ್ಲೇ ಏನೋ ಕೊಳೆತದ್ದು ಬಿದ್ದಿದೆ ಎಂಬಂತೆ. ಮುತ್ತಿನ ಮೂಗುಬೊಟ್ಟು ಇದ್ದದ್ದೂ ಆ ಹೊಳ್ಳೆಯಲ್ಲೇ. ಸಿಟ್ಟು ಬಂದಾಗ ಮೊದಲು ಮುತ್ತು ಅಲುಗುತ್ತಿತ್ತು, ಆಮೇಲೆ ಮಾತು ಬರುತ್ತಿತ್ತು. ಮಾತು ಹೆಚ್ಚಿನ ಸಲ ಒಂದೇ: "ಹೇಸಿಗಿ!" ಗಟಾರದಂಚಿಗೆ ಕೂತ ಮಕ್ಕಳಿಗೂ ಅದೇ, ತಂಬಾಕು ಉಗುಳಿ ಗೋಡೆ ಕೆಂಪು ಮಾಡುವ ಗಂಡಸರಿಗೂ ಅದೇ, ಎದುರಿಗೆ ಹೊಗಳಿ ಬೆನ್ನ ಹಿಂದೆ ಆಡಿಕೊಳ್ಳುವ ಹೆಂಗಸರಿಗೂ ಅದೇ. ಸಾಬೂನನ್ನೇ ಒಮ್ಮೆ ತೊಳೆದು ಆಮೇಲೆ ಮೈಗೆ ಹಚ್ಚಿಕೊಳ್ಳುತ್ತಿದ್ದ ಹೆಂಗಸು ಅವರು. "ನಿನ್ನಿ ಅದನ್ನ ಯಾರ್ಯಾರ ಮುಟ್ಟ್ಯಾರೋ ಏನೋ" ಅನ್ನುತ್ತಿದ್ದರು. ಆ ಮನೆಯಲ್ಲಿದ್ದದ್ದು ಅವರು ಮತ್ತು ಅವರ ಯಜಮಾನರು, ಇಬ್ಬರೇ. ಗಂಡುಮಕ್ಕಳು ಹುಬ್ಬಳ್ಳಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದರು.

ಖಾಲಾ ಅಂದರೆ ಅವರ ಮನೆಮಾತಾದ ಉರ್ದುವಿನಲ್ಲಿ ಚಿಕ್ಕಮ್ಮ, ತಾಯಿಯ ತಂಗಿ. ಬೆಟಗೇರಿಯ ಆ ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಎಪ್ಪತ್ತರ ದಶಕದ ನಡುವಿನಲ್ಲಿ ನನ್ನ ಗಂಡನಿಗೆ ಮಂಡ್ಯದ ಕಡೆಯಿಂದ ಗದಗಿನ ರೈಲು ನಿಲ್ದಾಣಕ್ಕೆ ವರ್ಗವಾದಾಗ, ಅವರ ಮನೆಯ ಹಿಂಬದಿಯ ಎರಡು ಕೋಣೆ ನಮಗೆ ಬಾಡಿಗೆಗೆ ಸಿಕ್ಕವು. ನಕ್ಷೆಯಲ್ಲಿ ಒಂದೇ ರಾಜ್ಯ, ಭಾಷೆಯೂ ಒಂದೇ. ನನಗೆ ಮಾತ್ರ ಅದು ಪರದೇಶವೇ ಆಗಿತ್ತು. ನಾನು ಹೇಳಿದ ಅರ್ಧ ಅವರಿಗೆ ತಿಳಿಯದು, ಅವರು ಹೇಳಿದ ಅರ್ಧ ನನಗೆ. ನಮ್ಮ ಜತೆ ಮೂರು ವರ್ಷದ ಮಗಳಿದ್ದಳು, ಅವಳ ಜತೆ ಹೆಸರಿಲ್ಲದ ಒಂದು ಕಾಯಿಲೆ ಇತ್ತು.

ಇವತ್ತು ಅದನ್ನು ಅಲರ್ಜಿ ಅನ್ನುತ್ತಾರೆ. ಆಗ ನಮಗೆ ಆ ಪದ ಗೊತ್ತಿರಲಿಲ್ಲ. ಇನ್ನೂ ತೊದಲುವ ಕಾಲದಲ್ಲಿ ಯಾರೋ ಪ್ರೀತಿಯಿಂದ ಒಂದು ಕಡಲೆಕಾಯಿ ಬೀಜ ಬಾಯಿಗಿಟ್ಟಿದ್ದಕ್ಕೆ ಅವಳ ತುಟಿ ಊದಿ, ಮೈಯೆಲ್ಲ ದದ್ದು ಎದ್ದು, ಉಸಿರು ಶಿಳ್ಳೆ ಹೊಡೆದಿತ್ತು. ನಮ್ಮೂರಿನ ಮುದಿ ಡಾಕ್ಟರು "ಈ ಪದಾರ್ಥ ಇವಳ ಮೈಗೆ ವಿಷ ಕಣಮ್ಮ, ಜನ್ಮದಲ್ಲಿ ಕೊಡಬೇಡ" ಎಂದು ಹೇಳಿ ಕಳಿಸಿದ್ದರು. ಅಂಥ ಮಗುವನ್ನು ಎತ್ತಿಕೊಂಡು ನಾವು ಬಂದು ಇಳಿದದ್ದು ಯಾವ ಊರಿಗೆ!

ನಮ್ಮ ಕಡೆ ಕಡಲೆಕಾಯಿ ಪೊಟ್ಟಣದಲ್ಲಿ ಬರುವ ತಿಂಡಿ. ಗದಗಿನಲ್ಲಿ ಅದು ಗಾಳಿಯಲ್ಲೇ ಇತ್ತು. ಪಲ್ಯಕ್ಕೆ ಅದರ ಪುಡಿ, ರೊಟ್ಟಿಗೆ ಅದರ ಚಟ್ನಿ, ಒಗ್ಗರಣೆಗೆ ಅದರ ಎಣ್ಣೆ, ಹಬ್ಬಕ್ಕೆ ಅದರ ಹೋಳಿಗೆ. ಸುಗ್ಗಿಯಲ್ಲಿ ಚಕ್ಕಡಿಗಳಿಂದ ಉದುರಿದ ಸಿಪ್ಪೆ ಓಣಿಯಲ್ಲಿ ಹಾರಾಡಿ ನನ್ನ ಒಲೆಯ ಮುಂದಕ್ಕೂ ಬರುತ್ತಿತ್ತು. ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ ಒಣಹಾಕಿದ ಬಟ್ಟೆಯಲ್ಲಿ ಕೂತುಬಿಡುತ್ತಿತ್ತು. ಊರಿನವರು ಮೂಗೆಳೆದು "ಏನ ಘಮಾ!" ಅನ್ನುತ್ತಿದ್ದ ಹುರಿದ ಕಾಳಿನ ವಾಸನೆಗೆ ನನಗೆ ವಾಕರಿಕೆ ಬರುತ್ತಿತ್ತು. ಇವತ್ತಿಗೂ ಬರುತ್ತದೆ. ಖಾಲಾ ಅವರ ಯಜಮಾನರು ಮಾರುಕಟ್ಟೆಯಲ್ಲಿ ಅದರದ್ದೇ ದಲಾಲಿ. ಮನೆಯ ಮುಂದಿನ ಕೋಣೆಯಲ್ಲಿ ಚೀಲಗಳು ತೊಲೆಗೆ ಮುಟ್ಟುವಷ್ಟು ಇರುತ್ತಿದ್ದವು.

ಬಂದ ಮರುದಿನವೇ ನಾನು ಖಾಲಾ ಅವರ ಮುಂದೆ ನಿಂತು, "ನನ್ನ ಮಗಳಿಗೆ ಕಡ್ಲೆಕಾಯಿ ಮಾತ್ರ ಕೊಡಬೇಡಿ, ಅವಳಿಗೆ ಆಗಲ್ಲ" ಎಂದು ಹೇಳಿದ್ದೆ. ಅವರು ತಲೆಯಾಡಿಸಿದರು. ಪುಟಾಣಿಯ, ಅಂದರೆ ಹುರಿಗಡಲೆಯ, ಡಬ್ಬಿಯನ್ನೂ ಕಡಲೆಹಿಟ್ಟಿನ ಡಬ್ಬಿಯನ್ನೂ ನನ್ನೆದುರಿಗೇ ಮೇಲಿನ ಹಲಗೆಗೆ ಎತ್ತಿಟ್ಟರು. ಎಷ್ಟು ಒಳ್ಳೆಯವರು ಅಂದುಕೊಂಡು ಒಳಗೆ ಬಂದೆ.

ಅದೇ ವಾರ ಮಗಳು ಅವರ ಪಡಸಾಲೆಯಿಂದ ಬೆಲ್ಲದುಂಡೆ ಮೆಲ್ಲುತ್ತ ಬಂದಳು. ನಾನು ಕೈಬಿಚ್ಚಿ ನೋಡುವಷ್ಟರಲ್ಲಿ ತುಟಿ ಊದಿಯಾಗಿತ್ತು. ವಾಂತಿ, ದದ್ದು, ಆಮೇಲೆ ಅದೇ ಶಿಳ್ಳೆ. ಖಾಲಾ ಬರಿಗಾಲಲ್ಲೇ ಓಡಿ ಟಾಂಗಾ ನಿಲ್ಲಿಸಿದರು. ದಾರಿಯುದ್ದಕ್ಕೂ ಮಗುವಿನ ಬೆನ್ನು ತಿಕ್ಕುತ್ತ, "ಕಡ್ಲಿ ಕೊಟ್ಟಿಲ್ಲವಾ, ಅಲ್ಲಾನ ಆಣಿ, ಒಂದ ಕಾಳ ಕಡ್ಲಿ ಕೊಟ್ಟಿಲ್ಲ" ಎಂದು ಹೇಳುತ್ತಲೇ ಇದ್ದರು.

ದವಾಖಾನೆಯ ಡಾಕ್ಟರ್ ಸೂಜಿ ಚುಚ್ಚಿದ. ಉಸಿರು ಹದಕ್ಕೆ ಬಂತು. ಏನು ತಿಂದಳು ಎಂದು ಕೇಳಿದಾಗ ಖಾಲಾ "ಶೇಂಗಾದ ಉಂಡಿ" ಅಂದರು. ಆ ಮನುಷ್ಯ ನಕ್ಕುಬಿಟ್ಟ. ಕುರ್ಚಿಗೆ ಒರಗಿ, ಹೊಟ್ಟೆ ಕುಣಿಸಿ ನಕ್ಕ. "ಶೇಂಗಾ ತಿಂದ ಯಾರರ ಸಾಯ್ತಾರೇನವಾ? ಗದಗಿನ ಮಂದಿ ಎಲ್ಲಾ ಹೋಗಿಬಿಡಬೇಕಿತ್ತು. ಹೊಟ್ಟಿಯೊಳಗ ಹುಳ ಆಗ್ಯಾವ. ದಿನಾ ನಾಕ ಕಾಳ ತಿನಿಸಿ ರೂಢಿ ಮಾಡ್ರಿ." ಮಗುವಿನ ಕಣ್ಣು ಇನ್ನೂ ಊದಿ ಮುಚ್ಚಿಕೊಂಡೇ ಇದ್ದವು. ಅದರೆದುರಿಗೆ ನಕ್ಕ ಆ ಬಾಯಿ, ಅಡಿಕೆಯ ಕರೆ ಕಟ್ಟಿದ ಹಲ್ಲು ಇನ್ನೂ ಕಣ್ಣ ಮುಂದಿವೆ.

ಮನೆಗೆ ಬಂದ ಮೇಲೆ ಖಾಲಾ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಏನ ಕೊಡಬ್ಯಾಡ ಅಂದಿದ್ದಿ ನೀ?"

"ಕಡ್ಲೆಕಾಯಿ."

"ಅದು ಏನು? ತೋರಸು."

ನಾನು ಮುಂದಿನ ಕೋಣೆಯ ಚೀಲದತ್ತ ಕೈ ಮಾಡಿದೆ. ಮೂಗುಬೊಟ್ಟಿನ ಮುತ್ತು ಅಲುಗಿತು.

"ಅದು ಶೇಂಗಾ! ನಮ್ಮ ಕಡೆ ಕಡ್ಲಿ ಅಂದ್ರ ಕಡ್ಲಿ, ಶೇಂಗಾ ಅಂದ್ರ ಶೇಂಗಾ. ಶೇಂಗಾಕ್ಕ ಶೇಂಗಾ ಅನ್ನಾಕ ನಿಮಗೇನ ಧಾಡಿ? ನಿಮ್ಮ ಭಾಷಾಕ್ಕಷ್ಟು ಬೆಂಕಿ ಹಚ್ಚ!" ಎಂದು ಕೂಗಿದವರು, ಮರುಕ್ಷಣ ತಮ್ಮ ಎರಡೂ ಅಂಗೈ ಬಿಡಿಸಿ ನೋಡಿಕೊಂಡು, "ನನ್ನ ಕೈಲೇ ತಿನಿಸಿದ್ನೆಲ್ಲೋ... ಛೀ, ಹೇಸಿಗಿ" ಅಂದರು. ತಮಗೆ ತಾವೇ ಆ ಮಾತು ಹೇಳಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂದು ಸಂಜೆಯೇ ಹಮಾಲರು ಬಂದು ಚೀಲಗಳನ್ನೆಲ್ಲ ಹೊತ್ತು ಮಾರುಕಟ್ಟೆಯ ಗೋದಾಮಿಗೆ ಹಾಕಿದರು. ಯಜಮಾನರು ಗೊಣಗಿದರು. ಅವರದು ಮೆತ್ತನೆಯ ಸ್ವಭಾವ. ಖಾಲಾ ಎದುರಿಗೆ ಗೊಣಗುವುದಷ್ಟೇ ಅವರ ಪಾಲಿಗಿದ್ದದ್ದು. ಆಮೇಲೆ ಅವರು ಮಾರುಕಟ್ಟೆಯಿಂದ ಬಂದರೆ ಹಿತ್ತಿಲ ಬಾವಿಯ ಹತ್ತಿರ ಮೈಕೈ ತೊಳೆದು, ಅಂಗಿ ಬದಲಿಸಿ ಒಳಗೆ ಬರಬೇಕು. ಅಡಿಗೆಗೆ ಕುಸುಬಿ ಎಣ್ಣೆ ಬಂತು. ಮಗಳಿಗೆಂದೇ ಬೇರೆ ಹಂಚು, ಬೇರೆ ಸೌಟು ಬಂದವು. ಅವನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಖಾಲಾ ಓಣಿಯ ಮನೆಮನೆಗೂ ಹೋಗಿ ಸಾರಿ ಬಂದರು: "ನಮ್ಮ ಕೂಸಿಗೆ ಶೇಂಗಾ ವಿಷ ಐತಿ. ಯಾರರ ಕೊಟ್ರ ಅವರ ಮನಿ ಮುಂದ ಬಂದ ಕುಂಡ್ರತೀನಿ ನೋಡ್ರಿ." ಮಗಳಿಗೂ ಪಾಠ ಆಯಿತು. ಯಾರು ಏನೇ ಕೊಟ್ಟರೂ ಅವಳು ಕೈ ಹಿಂದೆ ಕಟ್ಟಿಕೊಂಡು ಕೇಳಬೇಕು: "ಇದರಾಗ ಶೇಂಗಾ ಐತೇನ್ರಿ?" ನನ್ನ ಮಂಡ್ಯದ ಮಗಳು ಗದಗಿನ ಮಾತಿನಲ್ಲಿ ಕಲಿತ ಮೊದಲ ಪೂರ್ತಿ ವಾಕ್ಯ ಅದು.

ಓಣಿಯವರು ಖಾಲಾಗೆ ಹೆದರಿ ಕೊಡುವುದನ್ನು ಬಿಟ್ಟರೇ ಹೊರತು ಯಾರೂ ನಂಬಲಿಲ್ಲ. ಬಾವಿಕಟ್ಟೆಯಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲುತ್ತಿತ್ತು. ಒಬ್ಬಳನ್ನೇ ಹೆತ್ತು ಅತಿ ಮಾಡುತ್ತಾಳೆ, ದೃಷ್ಟಿ ತೆಗೆಸಿದರೆ ಸರಿಹೋಗುತ್ತದೆ, ಸೋಗು ಇದು, ಇಂಥವೇ ಮಾತು. ನನ್ನ ಗಂಡನ ಕಚೇರಿಯವರೊಬ್ಬರ ಹೆಂಡತಿ ಸೆರಗಿನ ಮರೆಯಲ್ಲಿ ಚಿಕ್ಕಿ ಹಿಡಿದು ಮಗುವನ್ನು ಕೈಸನ್ನೆ ಮಾಡಿ ಕರೆಯುತ್ತಿದ್ದುದನ್ನು ನಾನೇ ಹಿಡಿದೆ. ಕೇಳಿದರೆ, "ನೋಡೋಣಂತ" ಅಂದಳು. ನೋಡೋಣಂತ! ಕೂಸಿನ ಉಸಿರು ನಿಲ್ಲುತ್ತದೋ ಇಲ್ಲವೋ ನೋಡುವ ಆಸೆ ಎಷ್ಟು ಜನಕ್ಕೆ ಇತ್ತು ಎಂದು ನೆನೆದರೆ, ಮನುಷ್ಯ ಜಾತಿಯ ಮೇಲೇ ಹೇವರಿಕೆಯಾಗುತ್ತದೆ.

ಮಗಳಿಗೆ ಐದು ತುಂಬಿದ ವರ್ಷ ಲಕ್ಷ್ಮೇಶ್ವರದಲ್ಲಿ ಖಾಲಾ ಅವರ ಅಣ್ಣನ ಮಗಳ ಮದುವೆ. ಅಣ್ಣ ಅಲ್ಲಿಯ ದೊಡ್ಡ ಕುಳ. ಜಗಳ ಬಂದರೆ ಪಂಚಾಯ್ತಿಗೆ ಕರೆಯುವಂಥ ಮನುಷ್ಯ, ಬಿಳಿ ಗಡ್ಡ, ಅತ್ತರಿನ ವಾಸನೆ. ಖಾಲಾಗೆ ಅಣ್ಣನೆಂದರೆ ಪ್ರಾಣ. ತಾಯಿ ಸತ್ತ ಮೇಲೆ ತಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ಎಂದು ಕೆಲಸದ ನಡುವೆ ಕೈ ನಿಲ್ಲಿಸಿ ಹೇಳುತ್ತಿದ್ದರು. ನಮ್ಮನ್ನೂ ಬಿಡದೆ ಕರೆದುಕೊಂಡು ಹೋದರು. ಮಗಳಿಗಾಗಿ ಹಿತ್ತಾಳೆ ಡಬ್ಬಿಯಲ್ಲಿ ತಾವೇ ಮಾಡಿದ ರೊಟ್ಟಿ, ತುಪ್ಪ, ಬೆಲ್ಲ ಹಿಡಿದಿದ್ದರು. ಅಣ್ಣನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು.

ಆ ಡಬ್ಬಿಯೇ ಅವನಿಗೆ ಚುಚ್ಚಿತಂತೆ. ನಾನು ಅವನ ಮನೆಯಲ್ಲಿ ಎಲ್ಲರೊಂದಿಗೆ ಕೂತು ಉಂಡದ್ದು ಅವನ ಕಣ್ಣಿಗೆ ಬೀಳಲಿಲ್ಲ. "ಮುಸಲ್ಮಾನರ ಮನಿ ಅನ್ನ ಇವರಿಗೆ ಆಗೂದಿಲ್ಲ, ಅದಕ್ಕ ಕೂಸಿನ ಜಡ್ಡಿನ ನೆವ ಮಾಡ್ಯಾರ" ಎಂದು ಗಂಡಸರ ನಡುವೆ ಅಂದನಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ನಾನು ಕಣ್ಣಾರೆ ಕಂಡದ್ದು ಇಷ್ಟು: ಹೆಂಗಸರ ಕೋಣೆಯ ಬಾಗಿಲಿನಿಂದ ನೋಡಿದರೆ ಮಗಳು ಅಂಗಳದಲ್ಲಿ ಅವನೆದುರು ಕೈ ಹಿಂದೆ ಕಟ್ಟಿ ನಿಂತಿದ್ದಾಳೆ. ಅವನ ಕೈಯಲ್ಲಿ ಶಿರಾ ಇದ್ದ ತಟ್ಟೆ.

"ಇದರಾಗ ಶೇಂಗಾ ಐತೇನ್ರಿ?" ಅಂದಳು.

"ಇಲ್ಲವಾ ಮಗಳ. ಬರೇ ರವಾ, ಸಕ್ರಿ. ತಿನ್ನ" ಅಂದ. ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ಕೂಗುವುದರೊಳಗೆ ತುತ್ತು ಬಾಯೊಳಗೆ ಹೋಗಿತ್ತು. ಅವಳು ಅರ್ಧ ನುಂಗಿ, ಅರ್ಧ ಉಗುಳಿ, ನಾಲಿಗೆ ಉಜ್ಜಿಕೊಳ್ಳತೊಡಗಿದಳು. ಅವನು ತೊಡೆ ತಟ್ಟಿ ನಕ್ಕ. "ನೋಡ್ರಿ, ಶೇಂಗಾ ಕುಟ್ಟಿ ಹಾಕಿಸಿದ್ದೆ. ಏನಾತು? ಗಟ್ಟಿ ಗುಂಡ ಇದ್ದಾಂಗ ಅದಾಳ!" ಅವನ ಗೆಳೆಯರೂ ನಕ್ಕರು. ಆ ನಗು ಮುಗಿಯುವ ಮೊದಲೇ ಮಗಳು ಅವನ ಕಾಲ ಬುಡದಲ್ಲಿ ಕುಸಿದು ಕೂತಳು. ಅವಳ ಮುಖ ನೀಲಿಗೆ ತಿರುಗುತ್ತಿತ್ತು.

ಖಾಲಾ ಎಲ್ಲಿದ್ದರೋ, ಗಂಡಸರ ನಡುವೆ ಸೀಳಿಕೊಂಡು ಬಂದು ಮಗುವನ್ನೆತ್ತಿ ಓಡಿದರು. ಸೆರಗು ಜಾರಿದ್ದು ಅವರಿಗೆ ಗೊತ್ತೇ ಇರಲಿಲ್ಲ. ದವಾಖಾನೆ ಹತ್ತಿರವೇ ಇತ್ತು. ಅಲ್ಲಿದ್ದ ಎಳೆಯ ಡಾಕ್ಟರು ಒಂದು ಮಾತೂ ಕೇಳದೆ ಸೂಜಿ ಏರಿಸಿದರು. ಮತ್ತೊಮ್ಮೆ ಏರಿಸಿದರು. ಮಗಳು ಕೆಮ್ಮಿ, ಕೀರಲು ದನಿಯಲ್ಲಿ ಅತ್ತಾಗ ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಖಾಲಾ ಗೋಡೆ ಹಿಡಿದು ನಿಂತಿದ್ದರು. "ನೀ ಇಲ್ಲೇ ಇರು" ಎಂದು ಹೇಳಿ ಹೊರಟರು. ಆಗಷ್ಟೇ ಸುದ್ದಿ ತಿಳಿದು ಬಂದ ನನ್ನ ಗಂಡ ಅವರ ಹಿಂದೆ ಹೋದರು. ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದ್ದು.

ಅಂಗಳದಲ್ಲಿ ಅಣ್ಣ, "ಉಳಿದಳಲ್ಲ? ಮತ್ತ್ಯಾಕ ಇಷ್ಟ ಗದ್ದಲಾ? ಚಾಷ್ಟಿ ಮಾಡಿದೆ" ಅಂದನಂತೆ. ಚಾಷ್ಟಿ ಅಂದರೆ ತಮಾಷೆ. ಖಾಲಾ ಒಳಗೆ ಹೋಗಿ, ಅವನು ಮದುವೆಗೆಂದು ಉಡಿಸಿದ್ದ ಹೊಸ ಸೀರೆ ಬಿಚ್ಚಿಟ್ಟು, ತಮ್ಮ ಹಳೆಯದನ್ನು ಉಟ್ಟುಕೊಂಡು ಬಂದರು. ಸೀರೆಯನ್ನು ಮಡಿಸಿ ಅವನ ಮುಂದಿಟ್ಟರು.

"ಯಾರದೋ ಪರಊರಿನ ಹುಡಿಗಿ ಸಲುವಾಗಿ ಒಡಹುಟ್ಟಿದ ಅಣ್ಣನ್ನ ಬಿಡತೀ ಏನ?" ಎಂದು ಅವನು ಕೇಳಿದ.

"ಹುಡಿಗಿ ಸಲುವಾಗಿ ಅಲ್ಲ" ಅಂದರು ಖಾಲಾ. "ಕೂಸು ಕೇಳಿತ್ತು. ನೀ ಇಲ್ಲ ಅಂದಿ. ಆಮ್ಯಾಲ ನಕ್ಕಿ. ಆ ನಗೂ ಸಲುವಾಗಿ."

ಮದುವೆ ಮನೆಯಲ್ಲಿ ಯಾರೂ ಅವರ ಪರವಾಗಿ ತುಟಿ ತೆರೆಯಲಿಲ್ಲ. ಶುಭದ ಹೊತ್ತಿನಲ್ಲಿ ಹೊರಗಿನವರನ್ನು ತಂದು ಮನೆ ಕೆಡಿಸಿದಳು ಎಂದೇ ಅಂದುಕೊಂಡರು. ಖಾಲಾ ಮತ್ತೆ ಲಕ್ಷ್ಮೇಶ್ವರಕ್ಕೆ ಹೋಗಲಿಲ್ಲ. ಈದ್ ಬಂದರೆ ಬೆಳಗಿನಿಂದ ಸುಮ್ಮನೆ ಪಾತ್ರೆ ತಿಕ್ಕುತ್ತಿದ್ದರು, ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಿದ್ದರು. ಒಮ್ಮೆ ಅಣ್ಣನೇ ಬಂದ. ಖಾಲಾ ನೀರು ಕೊಟ್ಟರು, ಗೋಡೆಗೆ ಒರಗಿ ನಿಂತು ಕಾದರು. ಏನಾದರೂ ಒಂದು ಮಾತು ಅವನ ಬಾಯಿಂದ ಬಂದೀತೆಂದು ಅವರು ಕಾಯುತ್ತಿದ್ದುದು ನನಗೆ ಕಾಣುತ್ತಿತ್ತು. ಅವನು ಗಡ್ಡ ನೀವಿಕೊಂಡು, "ಆಗಿ ಹೋದ ಚಾಷ್ಟಿ. ಎಷ್ಟ ವರ್ಷ ಹಿಡಕೊಂಡ ಕುಂಡ್ರತಿ?" ಅಂದ.

"ಇನ್ನೂ ಅದಕ್ಕ ಚಾಷ್ಟಿನ ಅಂತಿ?" ಎಂದು ಕೇಳಿದ ಖಾಲಾ, ಖಾಲಿ ಲೋಟ ತೆಗೆದುಕೊಂಡು ಒಳಗೆ ನಡೆದರು. ಅವನು ಹೋದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ತಪ್ಪಾಯಿತು ಎಂಬ ಒಂದು ಮಾತಿಗೆ ಅವರು ಕರಗಿ ನೀರಾಗುತ್ತಿದ್ದರು. ಆ ಮಾತಾಡಲು ಆ ದೊಡ್ಡ ಮನುಷ್ಯನಿಗೆ ನಾಲಿಗೆ ಏಳಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನಮಗೆ ಮತ್ತೆ ಮಂಡ್ಯದ ಕಡೆಗೇ ವರ್ಗವಾಯಿತು. ಆ ದಶಕ ಮುಗಿಯುತ್ತ ಬಂದಾಗ, ರೈಲ್ವೆಯವರೊಬ್ಬರ ಬಾಯಿಂದ ಖಾಲಾ ತೀರಿಕೊಂಡ ಸುದ್ದಿ ಬಂತು. ಕಾಲೇಜಿಗೆ ಹೋಗುತ್ತಿದ್ದ ಮಗಳನ್ನು ಕರೆದುಕೊಂಡು ಬೆಟಗೇರಿಗೆ ಹೋದೆ. ಮಣ್ಣು ಮಾಡಿ ಆಗಿತ್ತು. ಪಡಸಾಲೆಯ ನಡುವೆ ಲೋಡಿಗೆ ಒರಗಿ ಅವರಣ್ಣ ಕೂತಿದ್ದ. ಬಂದವರಿಗೆಲ್ಲ, "ನನ್ನ ಜೀವದಂಥ ತಂಗಿ, ನನ್ನ ಕೇಳದ ಒಂದ ಹೆಜ್ಜಿ ಇಡತಿರಲಿಲ್ಲ" ಎಂದು ಕಣ್ಣೊರೆಸಿಕೊಂಡು ಹೇಳುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು. ಖಾಲಾ ಅವರ ಯಜಮಾನರು ಮೂಲೆಯಲ್ಲಿ ನೆಲ ನೋಡುತ್ತ ಕೂತಿದ್ದರು.

ಅವನು ನಮ್ಮ ಗುರುತು ಹಿಡಿದ. ಮಗಳತ್ತ ನೋಡಿ, ತುಟಿಯಂಚಿನಲ್ಲಿ ಅದೇ ನಗು ತಂದುಕೊಂಡು, "ಇವಳ ಏನ ಆ ಹುಡಿಗಿ? ಈಗರ ಎಲ್ಲಾ ತಿಂತೀ ಹೌದಿಲ್ಲ?" ಅಂದ.

"ಇಲ್ಲರಿ, ಈಗೂ ತಿಂದ್ರ ಸಾಯ್ತೀನಿ" ಅಂದಳು ಮಗಳು, ಖಾಲಾ ಕಲಿಸಿದ ಮಾತಿನಲ್ಲೇ, ಪಡಸಾಲೆಗೆಲ್ಲ ಕೇಳುವಂತೆ. "ಆವತ್ತು ನಿಮ್ಮನ್ನ ಕೇಳಿಯೇ ತಿಂದಿದ್ದೆ."

ಅವನು ಕೈಯಲ್ಲಿದ್ದ ಜಪಮಣಿ ಎಣಿಸತೊಡಗಿದ. ಮೂಲೆಯಲ್ಲಿದ್ದ ಯಜಮಾನರು ಮಾತ್ರ ತಲೆಯೆತ್ತಿ ಮಗಳನ್ನು ನೋಡಿ, ಕೈಚಾಚಿ ಹತ್ತಿರ ಕರೆದರು. ಅವಳು ಅವರ ಪಕ್ಕ ಹೋಗಿ ಕೂತಳು. ಇಬ್ಬರೂ ಅತ್ತರು.

ನನಗೆ ಆವತ್ತು ಅಳು ಬರಲಿಲ್ಲ. ಲೋಡಿಗೆ ಒರಗಿದ ಆ ಮನುಷ್ಯನ ಮೇಲಿನ ಅಸಹ್ಯ ಎದೆಯಲ್ಲಿ ಎಷ್ಟು ತುಂಬಿತ್ತೆಂದರೆ ದುಃಖಕ್ಕೆ ಜಾಗವೇ ಇರಲಿಲ್ಲ. ಮಗಳನ್ನು ಬದುಕಿಸಿದ್ದು ದವಾಖಾನೆಯ ಸೂಜಿ, ಅದು ಸರಿ. ಆದರೆ ಆ ಪರವೂರಿನಲ್ಲಿ ನನ್ನ ಮಾತನ್ನು ಮಾತೆಂದು ನಂಬಿದವರು ಖಾಲಾ ಒಬ್ಬರೇ, ಕೂಸಿಗೆ ಹೇಳಿದ ಸುಳ್ಳನ್ನು ಸುಳ್ಳೆಂದು ಕರೆದವರೂ ಅವರೊಬ್ಬರೇ. ಅದಕ್ಕಾಗಿ ಅವರು ತವರನ್ನೇ ಕಳೆದುಕೊಂಡರು. ಮಂಡ್ಯಕ್ಕೆ ಮರಳಿ, ನನ್ನ ತವರಿನ ಜಗಲಿಯ ಮೇಲೆ ಕೂತು, ನನ್ನ ಅಣ್ಣ ತಂದಿಟ್ಟ ಕಾಫಿಯ ಲೋಟ ಕೈಗೆ ತೆಗೆದುಕೊಂಡಾಗ ಕಣ್ಣೀರು ಬಂತು. ಏನಾಯಿತೆಂದು ಅಣ್ಣ ಕೇಳುತ್ತಲೇ ಇದ್ದ.